ಗುಟ್ಟು ಬೇರೆ, ಖಾಸಗಿ ಬೇರೆ

(ಸಂಘದ ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ‘ಹದಿಹರೆಯದ ಮಕ್ಕಳ ಮನಸ್ಸು’ ಎಂಬ ವಿಷಯದ ಮೇಲೆ ಆಡಿದ ಮಾತುಗಳ ಬರಹರೂಪ)



ನಮ್ಮ ಕೂಟದಲ್ಲಿ ಮಧುಮೇಹದ ಬಗ್ಗೆ, ಮಂಡಿನೋವಿನ ಬಗ್ಗೆ, ಹೆಂಗಸರ ಕ್ಯಾನ್ಸರ್ ತಪಾಸಣೆಯ ಬಗ್ಗೆ ಮಾತುಗಳು ಆಗಿವೆ. ಮಾತಾಡಲು ಡಾಕ್ಟರುಗಳೇ ಬಂದಿದ್ದರು. ಇವತ್ತು ಮಾತಾಡುತ್ತಿರುವ ನಾನು ಡಾಕ್ಟರಲ್ಲ, ಕೌನ್ಸೆಲರೂ ಅಲ್ಲ. ಡೊಂಬಿವಲಿಯಲ್ಲಿ ಮನೆ, ಫೋರ್ಟಿನಲ್ಲಿ ಕೆಲಸ, ಇಪ್ಪತ್ತು ವರ್ಷದಿಂದ ಲೋಕಲ್ ಟ್ರೇನಿನಲ್ಲಿ ಹೋಗಿಬರುತ್ತಿರುವ ಒಬ್ಬ ತಾಯಿ. ನನ್ನ ಮಗನಿಗೆ ಹದಿನಾರನೇ ವಯಸ್ಸಿನಲ್ಲಿ ಖಿನ್ನತೆಯ ಕಾಯಿಲೆ ಬಂತು. ಚಿಕಿತ್ಸೆ ಎರಡು ವರ್ಷಕ್ಕಿಂತ ಹೆಚ್ಚು ನಡೆಯಿತು. ಆ ಚಿಕಿತ್ಸೆಗಾಗಿ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು, ಏನು ಕೇಳಬೇಕು ಎಂಬುದನ್ನು ನಾವು ಓಡಾಡಿಯೇ ತಿಳಿದುಕೊಂಡೆವು. ನಿಮಗೆ ಆ ಓಡಾಟ ಸ್ವಲ್ಪವಾದರೂ ಕಡಿಮೆಯಾಗಲಿ ಎಂದು ಈ ಮಾತು.

ಮಗನಿಗೆ ಈಗ ಹತ್ತೊಂಬತ್ತು ವರ್ಷ. ಇಲ್ಲಿ ಹೇಳಬೇಕೆಂದಿರುವುದನ್ನು ಬರೆದು ಮೊದಲು ಅವನಿಗೇ ಓದಲು ಕೊಟ್ಟೆ. ಪೆನ್ನು ತೆಗೆದುಕೊಂಡು ಎರಡು ಪ್ಯಾರಾ ಹೊಡೆದುಹಾಕಿದ. “ಇದು ನಂದಮ್ಮ, ಇದು ಬೇಡ. ಉಳಿದದ್ದು ನಿಂದು, ಹೇಳು” ಅಂದ. ಹಾಗಾಗಿ ನನ್ನ ಪಾಲಿನದ್ದನ್ನಷ್ಟೇ ಹೇಳುತ್ತೇನೆ. ಗುಟ್ಟು ಮಾಡುವುದಕ್ಕೂ ಖಾಸಗಿಯಾಗಿಡುವುದಕ್ಕೂ ಇರುವ ವ್ಯತ್ಯಾಸ ಅವನ ಆ ಒಂದು ಮಾತಿನಲ್ಲಿದೆ. ಮಗುವಿನ ಮನಸ್ಸಿನೊಳಗೆ ಏನು ನಡೆಯಿತು ಎಂಬುದು ಅದರ ಖಾಸಗಿ ವಿಷಯ. ಅದನ್ನು ನೆಂಟರಿಗೆ ಹೇಳುವ ಅಗತ್ಯವಿಲ್ಲ. ಆದರೆ ನಮ್ಮ ಮನೆಯಲ್ಲಿ ಹೀಗೊಂದು ಕಾಯಿಲೆ ಇದೆ, ನಮಗೆ ಸಹಾಯ ಬೇಕು ಎಂಬುದನ್ನು ಗುಟ್ಟು ಮಾಡಿದರೆ ನಷ್ಟ ನಮಗೇ. ಗುಟ್ಟಿನ ಮನೆಗೆ ಯಾರೂ ಸಹಾಯಕ್ಕೆ ಬರಲಾರರು.

ಮೊದಲು, ನಮಗೆ ಏನು ಕಾಣಿಸಿತು ಎಂದು ಹೇಳುತ್ತೇನೆ. ಹತ್ತನೇ ತರಗತಿ ಚೆನ್ನಾಗಿ ಮುಗಿಸಿ ಜೂನಿಯರ್ ಕಾಲೇಜು ಸೇರಿದ್ದ. ಜೊತೆಗೆ ಎಂಜಿನಿಯರಿಂಗ್ ಪ್ರವೇಶಕ್ಕೆ ಕೋಚಿಂಗ್. ಗಣಪತಿ ಹಬ್ಬದ ಹೊತ್ತಿಗೆ ನಿದ್ದೆ ಕೆಟ್ಟಿತು. ರಾತ್ರಿ ಮೂರರವರೆಗೆ ಎಚ್ಚರ, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲಾಗದು. ನೀರುದೋಸೆಗೆ ಕಾಯಿ ಬೆಲ್ಲ ಹಾಕಿಕೊಂಡು ಎಂಟು ಹತ್ತು ತಿನ್ನುತ್ತಿದ್ದವನು ಒಂದನ್ನು ಹರಿದು ತಟ್ಟೆಯಲ್ಲಿ ಬಿಟ್ಟು ಏಳುತ್ತಿದ್ದ. ಸೊಸೈಟಿಯ ಟೇಬಲ್ ಟೆನಿಸ್ ಹುಡುಗರು ಕೆಳಗಿನಿಂದ ಕೂಗಿದರೆ ಕಿಟಕಿ ಮುಚ್ಚುತ್ತಿದ್ದ. ಸ್ನಾನಕ್ಕೆ ನಾಲ್ಕು ಸಲ ಹೇಳಬೇಕು. ತಂಗಿಯ ಮೇಲೆ ಸಣ್ಣ ಮಾತಿಗೂ ರೇಗುವುದು.

ಈ ರೇಗುವಿಕೆಯನ್ನು ಗಮನದಲ್ಲಿಡಿ. ಖಿನ್ನತೆ ಎಂದರೆ ಅಳು, ಸಪ್ಪೆ ಮುಖ ಎಂದು ನಾವು ಅಂದುಕೊಂಡಿರುತ್ತೇವೆ. ಹದಿಹರೆಯದವರಲ್ಲಿ ಅದು ಎಷ್ಟೋ ಸಲ ಸಿಟ್ಟಾಗಿ, ಕಿರಿಕಿರಿಯಾಗಿ ಹೊರಗೆ ಬರುತ್ತದೆ. ಕೆಲವರಲ್ಲಿ ತಲೆನೋವು, ಹೊಟ್ಟೆನೋವಾಗಿಯೂ ಬರುತ್ತದೆ. ‘ಈ ವಯಸ್ಸೇ ಹಾಗೆ’ ಎನ್ನುವುದೂ ಸುಳ್ಳಲ್ಲ. ಹಾಗಾದರೆ ವಯಸ್ಸಿನ ಆಟ ಯಾವುದು, ಕಾಯಿಲೆ ಯಾವುದು ಎಂದು ತಿಳಿಯುವುದು ಹೇಗೆ? ಡಾಕ್ಟರುಗಳು ಸಾಮಾನ್ಯವಾಗಿ ನೋಡುವುದು ಎರಡು ಸಂಗತಿ. ಒಂದು, ಇದು ದಿನದ ಹೆಚ್ಚು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಕ್ಕೂ ಮೀರಿ ಇದೆಯೇ? ಎರಡು, ನಿದ್ದೆ, ಊಟ, ಓದು, ಸ್ನೇಹ ಮುಂತಾದ ದಿನನಿತ್ಯದ ಬದುಕು ಕೆಟ್ಟಿದೆಯೇ? ಎರಡಕ್ಕೂ ಹೌದು ಎಂದಾದರೆ ಕಾಯಬೇಡಿ. ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದರೆ ಎರಡು ವಾರದ ಲೆಕ್ಕವನ್ನೂ ಇಡಬೇಡಿ. ಅವತ್ತೇ ಹೋಗಿ.

ಇದು ಅಪರೂಪದ ಕಾಯಿಲೆಯೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಮಹಾನಗರಗಳಲ್ಲಿ ಅದು ಶೇ. 13.5. ಅಂದರೆ ನಮ್ಮಂಥ ಊರಿನಲ್ಲಿ ಅರವತ್ತು ಮಕ್ಕಳ ಒಂದು ತರಗತಿಯಲ್ಲಿ ಎಂಟು ಮಂದಿ. ಲೇಡೀಸ್ ಡಬ್ಬಿಯಲ್ಲಿ ನಮ್ಮೆದುರು ಕುಳಿತ ತಾಯಂದಿರಲ್ಲಿ ಎಷ್ಟು ಜನ ಇದೇ ಚಿಂತೆ ಹೊತ್ತು ಕುಳಿತಿರುತ್ತಾರೋ! ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು ಹದಿನಾಲ್ಕನೇ ವಯಸ್ಸಿನೊಳಗೇ ಶುರುವಾಗುತ್ತವೆ.

ಎಲ್ಲಿಂದ ಶುರು ಮಾಡುವುದು? ನಾವು ಶುರು ಮಾಡಿದ್ದು ಮನೆಯ ಹತ್ತಿರದ ಫ್ಯಾಮಿಲಿ ಡಾಕ್ಟರರಿಂದ. ಮಗ ಅವರನ್ನು ಚಿಕ್ಕಂದಿನಿಂದ ಕಂಡವನು, ತಕರಾರಿಲ್ಲದೆ ಬಂದ. ಅವರು ಹಿಮೋಗ್ಲೋಬಿನ್, ಥೈರಾಯ್ಡ್, ಬಿ-12, ವಿಟಮಿನ್ ಡಿ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಮನುಷ್ಯ ಹೀಗೆ ಮಂಕಾಗಬಹುದು. ಅದಕ್ಕೇ ಮೊದಲು ದೇಹವನ್ನು ನೋಡಬೇಕು. ಮಗನಿಗೆ ಬಿ-12 ಸ್ವಲ್ಪ ಕಡಿಮೆಯಿತ್ತು, ಅದಕ್ಕೆ ಔಷಧಿ ಕೊಟ್ಟರು. “ಆದರೆ ಇದೊಂದರಿಂದಲೇ ಇಷ್ಟೆಲ್ಲ ಆಗುವುದಿಲ್ಲ” ಎಂದು ಮನೋವೈದ್ಯರಿಗೆ ಒಂದು ಚೀಟಿ ಬರೆದುಕೊಟ್ಟರು.

ಇಲ್ಲಿ ಯಾರು ಯಾರು ಎಂಬುದನ್ನು ತಿಳಿದುಕೊಳ್ಳಬೇಕು. ನಾವೆಲ್ಲ ‘ಮನಸ್ಸಿನ ಡಾಕ್ಟರು’ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮಾಡಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದವರು. ರೋಗ ಗುರುತಿಸುತ್ತಾರೆ, ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ. ಪರೀಕ್ಷೆ ಮಾಡಿ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಇವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರುತ್ತದೆ. ಆ ನಂಬರು ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಇನ್ನು ಕೌನ್ಸೆಲರ್ ಎಂಬ ಬೋರ್ಡಿನ ಹಿಂದೆ ಎರಡು ವರ್ಷದ ಎಂ.ಎ. ಓದೂ ಇರಬಹುದು, ನಾಲ್ಕು ವಾರದ ಕೋರ್ಸೂ ಇರಬಹುದು. ಒಳ್ಳೆಯ ಕೌನ್ಸೆಲರುಗಳು ಬೇಕಾದಷ್ಟಿದ್ದಾರೆ. ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ ಎಂದು ಕೇಳಿ ಹೋಗಿ ಅಷ್ಟೇ.

ನಾವು ಕಂಡ ಮೊದಲ ಕೌನ್ಸೆಲರ್ ಮಗನಿಗೆ ಇಪ್ಪತ್ತು ನಿಮಿಷ ಶಿಸ್ತಿನ ಬಗ್ಗೆ ಉಪದೇಶ ಮಾಡಿ, ಮೊಬೈಲು ಕಿತ್ತುಕೊಳ್ಳಿ ಎಂದು ನಮಗೆ ಹೇಳಿ ಕಳಿಸಿದರು. ಮಗ ಲಿಫ್ಟಿನಲ್ಲಿ “ಇನ್ನು ಎಲ್ಲಿಗೂ ಬರಲ್ಲ” ಅಂದ. ಅವನನ್ನು ಮತ್ತೆ ಒಪ್ಪಿಸಲು ಹತ್ತು ದಿನ ಬೇಕಾಯಿತು. ಅಲ್ಲಿಗೆ ಮತ್ತೆ ಹೋಗುವುದಿಲ್ಲ, ಬೇರೆಯವರನ್ನು ನೋಡೋಣ, ಅವರೂ ಹಿಡಿಸದಿದ್ದರೆ ಇನ್ನೊಬ್ಬರು ಎಂದು ಮಾತು ಕೊಟ್ಟ ಮೇಲೆ ಬಂದ. ದರ್ಜಿ ಸರಿಹೋಗದಿದ್ದರೆ ಬದಲಿಸುತ್ತೇವೆ. ಇದರಲ್ಲೂ ಬದಲಿಸಬಹುದು. ಆದರೆ ಚಿಕಿತ್ಸೆಯನ್ನೇ ಬಿಡಬಾರದು.

ಮೊದಲ ಭೇಟಿಗೆ ಹೋಗುವಾಗ ಒಂದು ಹಾಳೆ ಬರೆದುಕೊಂಡು ಹೋಗಿ. ಯಾವಾಗಿನಿಂದ, ಏನೇನು, ನಿದ್ದೆ ಎಷ್ಟು, ತೂಕ ಇಳಿದಿದೆಯೇ, ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ, ಯಾವ ಔಷಧಿ ತೆಗೆದುಕೊಂಡಿದ್ದಾನೆ ಎಂದು. ಎದುರಿಗೆ ಕೂತಾಗ ಗಂಟಲು ಕಟ್ಟಿ ಅರ್ಧ ಮರೆತುಹೋಗುತ್ತದೆ. ಅತ್ತೆಯವರ ಅಣ್ಣನೊಬ್ಬರು ಊರಿನಲ್ಲಿ ವರ್ಷಗಟ್ಟಲೆ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲವಂತೆ. ‘ಅವರು ಹಾಗೇ’ ಎಂದು ಎಲ್ಲರೂ ಸುಮ್ಮನಿದ್ದರಂತೆ. ಈ ಸಂಗತಿ ಡಾಕ್ಟರರ ಪ್ರಶ್ನೆಯಿಂದಾಗಿ ನಮ್ಮ ಮನೆಯಲ್ಲಿ ಮೊದಲ ಸಲ ಬಾಯಿಗೆ ಬಂತು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ಅದು ಭಾಷೆಯದ್ದು. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್, ಗೆಳೆಯರೊಡನೆ ಹಿಂದಿ, ಡಾಕ್ಟರು ಮರಾಠಿಯವರು. ಮಗ ನನ್ನ ಹತ್ತಿರ ಹೇಳುತ್ತಿದ್ದದ್ದು ಒಂದೇ ಮಾತು, ‘ಬೇಜಾರು’. ನಾನು ಡಾಕ್ಟರರಿಗೆ ಅದನ್ನೇ ಹೇಳಿದೆ. ಅವರು ‘ಬೇಜಾರ್’ ಎಂದು ಬರೆದುಕೊಂಡು ಮುಂದೆ ಹೋದರು. ಮರಾಠಿಯಲ್ಲಿ ಬೇಜಾರ್ ಅಂದರೆ ಕಾಟದಿಂದ ರೋಸಿಹೋಗುವುದು, ಸಾಕುಸಾಕಾಗುವುದು. ನಮಗೋ ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಬೈದರೂ ಬೇಜಾರು, ಸಾವಿನ ಮನೆಯಲ್ಲೂ ಬೇಜಾರು. ಇದು ಹೊಳೆದಾಗ ನಾನು ಅವರನ್ನು ತಡೆದು, “ನಮ್ಮಲ್ಲಿ ಈ ಪದಕ್ಕೆ ದುಃಖ ಎಂಬ ಅರ್ಥವೂ ಇದೆ, ಅವನನ್ನೇ ಕೇಳಿ” ಅಂದೆ. ಅವರು ಮಗನ ಕಡೆ ತಿರುಗಿ, ಯಾವ ಭಾಷೆಯಲ್ಲಾದರೂ ಸರಿ ಬಿಡಿಸಿ ಹೇಳು ಅಂದರು. ಅವನು ಇಂಗ್ಲಿಷು ಹಿಂದಿ ಬೆರೆಸಿ ಹೇಳಿದ, ಒಳಗೆ ಏನೂ ಅನ್ನಿಸುವುದೇ ಇಲ್ಲ, ಖುಷಿಯೂ ಇಲ್ಲ, ದುಃಖವೂ ಇಲ್ಲ, ಖಾಲಿ ಎಂದು. ನಿಮ್ಮ ಮಕ್ಕಳು ಬೇಜಾರು ಅಂದಾಗ ಯಾವ ಬೇಜಾರು ಎಂದು ಇನ್ನೊಂದು ಪ್ರಶ್ನೆ ಕೇಳಿ.

ಆಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕೂರಲು ಹೇಳಿ ಅವನ ಜೊತೆ ಒಬ್ಬರೇ ಮಾತಾಡಿದರು. ಹೆತ್ತವರಿಗೆ ಇದು ಕಷ್ಟ. ಒಂಬತ್ತು ತಿಂಗಳು ಹೊತ್ತವಳನ್ನು ಹೊರಗೆ ಕೂರಿಸಿ ಏನು ಮಾತು ಅನ್ನಿಸುತ್ತದೆ. ಆದರೆ ಅಪ್ಪ ಅಮ್ಮನ ಎದುರು ಹೇಳಲಾಗದ್ದೇ ಆ ವಯಸ್ಸಿನಲ್ಲಿ ಹೆಚ್ಚು. ಡಾಕ್ಟರು ನಿಯಮವನ್ನು ಮೂವರ ಎದುರೇ ಹೇಳಿದರು: ಅವನು ಹೇಳಿದ್ದನ್ನು ಅವನನ್ನು ಕೇಳದೆ ನಮಗೆ ಹೇಳುವುದಿಲ್ಲ, ಆದರೆ ಅವನ ಜೀವಕ್ಕೆ ಅಪಾಯವಿದೆ ಎನಿಸಿದರೆ ಖಂಡಿತ ಹೇಳುತ್ತಾರೆ. ಒಳ್ಳೆಯ ಚಿಕಿತ್ಸಕರು ಈ ಗಡಿಯನ್ನು ಮೊದಲೇ ಹಾಕಿಕೊಡುತ್ತಾರೆ. ಹೊರಗೆ ಬಂದ ಮೇಲೆ ‘ಏನು ಹೇಳಿದೆ, ಏನು ಕೇಳಿದರು’ ಎಂದು ದಾರಿಯುದ್ದಕ್ಕೂ ಕೆದಕದಿರುವುದು ನಮ್ಮ ಕೆಲಸ. ನಾವು ಸ್ಟೇಷನ್ನಿನ ಹತ್ತಿರ ಕಬ್ಬಿನ ಹಾಲು ಕುಡಿದು ಮನೆಗೆ ಬರುತ್ತಿದ್ದೆವು.

ನಮ್ಮನ್ನು ಒಳಗೆ ಕರೆದಾಗ ಡಾಕ್ಟರು ಹೇಳಿದ್ದು ಆ ಅಪಾಯದ ಮಾತನ್ನೇ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದ್ದರು, ಬಂದಿದೆ ಎಂದು ಮಗ ಹೇಳಿದ್ದ. ಇದಕ್ಕಿಂತ ಹೆಚ್ಚು ನಾನಿಲ್ಲಿ ಹೇಳುವುದಿಲ್ಲ. ನೀವು ತಿಳಿಯಬೇಕಾದದ್ದು ಇಷ್ಟು: ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ನಮಗೆಲ್ಲ ಇದೆ. ತಜ್ಞರು ಹೇಳುವುದು ಹಾಗಾಗುವುದಿಲ್ಲ ಎಂದೇ. ಕೇಳುವುದರಿಂದ ಮಗುವಿಗೆ ಹಗುರವಾಗುತ್ತದೆ, ಇದನ್ನು ಮಾತಾಡಬಹುದು ಎಂದು ಗೊತ್ತಾಗುತ್ತದೆ. “ಇಷ್ಟು ಕಷ್ಟವಾಗ್ತಿದೆಯಲ್ಲ ಮಗಾ, ಬದುಕೋದೇ ಬೇಡ ಅನ್ಸತ್ತಾ?” ಎಂದು ಸಮಾಧಾನದ ದನಿಯಲ್ಲಿ ಕೇಳಿ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಅಜ್ಜಿ ತಾತ ಏನಾಗಬೇಕು ಎಂದು ಅಳಬೇಡಿ. ಹೇಳಿದ್ದು ಒಳ್ಳೆಯದಾಯಿತು ಅನ್ನಿ, ಜೊತೆಗಿರಿ, ಡಾಕ್ಟರರಿಗೆ ತಿಳಿಸಿ.

ಅವತ್ತು ಸಂಜೆಯೇ ಮನೆಯಲ್ಲಿ ಕೆಲವು ಏರ್ಪಾಡು ಮಾಡಿದೆವು. ಮಾವನವರ ಬಿಪಿ ಮಾತ್ರೆಗಳಿಂದ ಹಿಡಿದು ಎಲ್ಲ ಔಷಧಿ, ಅಪಾಯ ತರಬಹುದಾದ ಇತರ ವಸ್ತುಗಳು ಕಪಾಟಿನೊಳಗೆ, ಕಪಾಟಿನ ಬೀಗದ ಕೈ ನನ್ನ ಪರ್ಸಿನಲ್ಲಿ. ಅವನ ಕೋಣೆಯ, ಬಾತ್‌ರೂಮಿನ ಚಿಲಕ ತೆಗೆಸಿದೆವು. ಯಜಮಾನರು ಅವನ ಕೋಣೆಯಲ್ಲಿ ನೆಲದ ಮೇಲೆ ಹಾಸಿಗೆ ಹಾಸಿ ಎರಡು ತಿಂಗಳು ಮಲಗಿದರು. ಇದನ್ನೆಲ್ಲ ಅವನಿಗೆ ತಿಳಿಸಿಯೇ ಮಾಡಿದೆವು. ಕದ್ದುಮುಚ್ಚಿ ಕಾವಲು ಕಾದಿದ್ದರೆ ನಂಬಿಕೆ ಹೋಗುತ್ತಿತ್ತು.

ರಾತ್ರಿ ಎರಡು ಗಂಟೆಗೆ ಯಾರನ್ನು ಕೇಳುವುದು? ಒಂದು ನಂಬರನ್ನು ದಯವಿಟ್ಟು ಈಗಲೇ ನಿಮ್ಮ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ: 14416. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲುರಾತ್ರಿ ಇರುತ್ತದೆ, ದುಡ್ಡಿಲ್ಲ. ಭಾಷೆ ಆರಿಸಿಕೊಳ್ಳಬಹುದು, ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಮಕ್ಕಳೇ ಮಾತಾಡಬೇಕೆಂದಿಲ್ಲ, ಹೆತ್ತವರೂ ಕರೆ ಮಾಡಬಹುದು. ಅಂಥ ಒಂದು ರಾತ್ರಿ ನಾನು ಅಡುಗೆಮನೆಯಲ್ಲಿ ನಿಂತು ಕರೆ ಮಾಡಿದ್ದೇನೆ. ಆ ಕಡೆಯ ಹುಡುಗಿ ಮೊದಲು ಕೇಳಿದ್ದು, ಮಗ ಈಗ ಎಲ್ಲಿದ್ದಾನೆ, ಅವನ ಜೊತೆ ಯಾರಿದ್ದಾರೆ ಎಂದು. ಆಮೇಲೆ ಬೆಳಗಾಗುವವರೆಗೆ ಏನು ಮಾಡಬೇಕು ಎಂದು ಒಂದೊಂದಾಗಿ ಹೇಳಿದಳು. ಜೀವಕ್ಕೆ ಅಪಾಯ ಎದುರಿಗೇ ಇದ್ದರೆ ಮಾತ್ರ ಫೋನಿನಲ್ಲಿ ಕಾಲ ಕಳೆಯದೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಬೇಕು.

ಆಸ್ಪತ್ರೆಗೆ ಹೋದರೆ ಪೊಲೀಸು, ಕೇಸು ಎಂಬ ಹೆದರಿಕೆ ಹಿಂದಿನ ಕಾಲದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರ ಅವರಿಗೆ ಆರೈಕೆ ಒದಗಿಸಬೇಕು ಎಂದು ಅದರ 115ನೇ ಸೆಕ್ಷನ್ ಹೇಳುತ್ತದೆ. ‘ಮಗುವನ್ನು ಒಳಗೆ ಹಾಕಿ ಬಾಗಿಲು ಹಾಕಿಬಿಡುತ್ತಾರೆ’ ಎಂಬ ಭಯಕ್ಕೂ ಉತ್ತರ ಅದೇ ಕಾಯ್ದೆಯಲ್ಲಿದೆ. ಹದಿನೆಂಟು ತುಂಬದವರನ್ನು ದಾಖಲಿಸಿಕೊಂಡರೆ ದೊಡ್ಡವರಿಂದ ಬೇರೆಯಾಗಿಯೇ ಇಡಬೇಕು. ತಂದೆ ತಾಯಿಯೋ ಅವರು ನೇಮಿಸಿದವರೋ ಇರುವಷ್ಟು ದಿನವೂ ಜೊತೆಗಿರಬೇಕು. ನಮಗೆ ದಾಖಲಿಸುವ ಅಗತ್ಯ ಬೀಳಲಿಲ್ಲ. ಆದರೆ ಈ ಮಾತು ತಿಳಿದಿದ್ದರಿಂದ ಧೈರ್ಯವಿತ್ತು.

ಈಗ ಔಷಧಿಯ ವಿಷಯ. ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯಾದದ್ದು ಇದೇ. ಊರಿನಿಂದ ಅತ್ತೆ ಫೋನಿನಲ್ಲಿ, “ಮಗುವಿಗೆ ದೃಷ್ಟಿಯಾಗಿದೆ ಕಣೇ, ಆ ತಲೆ ಮಾತ್ರೆ ಶುರು ಮಾಡಬೇಡ, ಜೀವಮಾನವಿಡೀ ಬಿಡಲಿಕ್ಕಾಗಲ್ಲ” ಅಂದರು. ಅವರ ಮಾತಿನ ಹಿಂದೆ ಇದ್ದದ್ದು ಪ್ರೀತಿಯೇ. ನಾನು ಅವರ ಪ್ರಶ್ನೆಯನ್ನೇ ಡಾಕ್ಟರರಿಗೆ ಕೇಳಿದೆ. ಅವರು ಹೇಳಿದ್ದರ ಸಾರ ಇದು. ಖಿನ್ನತೆಗೆ ಕೊಡುವ ಔಷಧಿಗಳು ಮದ್ಯ ಸಿಗರೇಟಿನಂತೆ ಚಟ ಹಿಡಿಸುವಂಥವಲ್ಲ. ಆದರೆ ನಾವಾಗಿ ತಟ್ಟನೆ ನಿಲ್ಲಿಸಬಾರದು, ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು. ಹೊಟ್ಟೆ ತೊಳಸುವುದು, ತಲೆನೋವು ಮುಂತಾದ ತೊಂದರೆಗಳು ಮಾತ್ರ ಮೊದಲ ದಿನಗಳಲ್ಲೇ ಬರುತ್ತವೆ. ಹಾಗಾಗಿ ‘ಗುಣವಿಲ್ಲ, ಬರೀ ತೊಂದರೆ’ ಎಂದು ಬಿಟ್ಟುಬಿಡುವವರು ಬಹಳ.

ಇನ್ನೊಂದು ಎಚ್ಚರಿಕೆಯನ್ನು ಅವರು ಎರಡು ಸಲ ಹೇಳಿದರು, ನಾನೂ ಒತ್ತಿ ಹೇಳುತ್ತೇನೆ. ಹದಿಹರೆಯದವರಲ್ಲಿ ಈ ಔಷಧಿ ಶುರುವಾದ ಮೊದಲ ವಾರಗಳಲ್ಲಿ ಕೆಲವರಿಗೆ ಸಾಯುವ ಯೋಚನೆ ಹೆಚ್ಚಾಗುವ ಸಂಭವವಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಈ ಎಚ್ಚರಿಕೆಯನ್ನು ಔಷಧಿಯ ಲೇಬಲ್ಲಿನ ಮೇಲೆ ಹಾಕಿಸಿತು. ಹೆದರಿ ಔಷಧಿ ಬೇಡವೆನ್ನಲು ಇದನ್ನು ಹೇಳುತ್ತಿಲ್ಲ. ಆ ವಾರಗಳಲ್ಲಿ ಮಗುವನ್ನು ಹತ್ತಿರದಿಂದ ನೋಡಿಕೊಳ್ಳಬೇಕು, ಹೇಳಿದ ದಿನ ತಪ್ಪದೆ ಡಾಕ್ಟರರ ಹತ್ತಿರ ಹೋಗಬೇಕು, ಮಾತ್ರೆಯನ್ನು ನಾವೇ ಕೈಯಾರೆ ಕೊಡಬೇಕು. ಸೌಮ್ಯ ರೀತಿಯ ಖಿನ್ನತೆಗೆ ಎಷ್ಟೋ ಸಲ ಔಷಧಿಯಿಲ್ಲದೆ ಮಾತಿನ ಚಿಕಿತ್ಸೆಯೇ ಸಾಕಾಗುತ್ತದೆ. ಮಗನಿಗೆ ಎರಡೂ ಬೇಕಾಯಿತು. ಅತ್ತೆಗೆ ನಾನು, “ನೀವು ಅಲ್ಲಿ ಹರಕೆ ಹೊತ್ತುಕೊಳ್ಳಿ, ನಾವು ಇಲ್ಲಿ ಮಾತ್ರೆ ಕೊಡುತ್ತೇವೆ” ಅಂದೆ. ಅವರು ಒಪ್ಪಿದರು. ಆಮೇಲೆ ವಾರಕ್ಕೊಮ್ಮೆ ಫೋನ್ ಮಾಡಿ, “ಮಾತ್ರೆ ಮುಗಿಯುವ ಮೊದಲೇ ತಂದಿಟ್ಟೆಯಾ?” ಎಂದು ಕೇಳುವವರು ಅವರೇ ಆದರು.

ಖರ್ಚಿನ ಮಾತನ್ನು ಮುಚ್ಚಿಡುವುದು ಬೇಡ. ಖಾಸಗಿಯಲ್ಲಿ ಥೆರಪಿಯ ಒಂದು ಗಂಟೆಗೆ ನಾವು ಕೊಟ್ಟದ್ದು ಎರಡು ಸಾವಿರ ರೂಪಾಯಿ, ಮೊದಲು ವಾರಕ್ಕೊಂದು ಸಲ. ಎಲ್ಲರಿಗೂ ಆಗುವ ಮಾತಲ್ಲ. ಮುಂಬಯಿಯಲ್ಲಿ ಮಹಾನಗರ ಪಾಲಿಕೆಯ ಕೆ.ಇ.ಎಂ., ಸಾಯನ್, ನಾಯರ್ ಆಸ್ಪತ್ರೆಗಳಲ್ಲೂ ಸರ್ಕಾರದ ಜೆ.ಜೆ. ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗಗಳಿವೆ. ಕೇಸ್ ಪೇಪರಿಗೆ ಅಲ್ಪ ಹಣ. ಸರದಿ ಉದ್ದ, ಬೆಳಿಗ್ಗೆ ಬೇಗ ಹೋಗಿ ನಿಲ್ಲಬೇಕು, ಪ್ರತಿಸಲ ಅದೇ ಡಾಕ್ಟರು ಸಿಗಲಿಕ್ಕಿಲ್ಲ. ಆದರೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಾದ್ದರಿಂದ ಅಲ್ಲಿ ಅನುಭವಿಗಳಿದ್ದಾರೆ. ಪುಣೆ, ಹೈದರಾಬಾದು, ಚೆನ್ನೈ, ದೆಹಲಿಯ ನಮ್ಮ ಓದುಗರೂ ಮೊದಲು ತಮ್ಮ ಊರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗದಲ್ಲಿ ವಿಚಾರಿಸಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದಾಗ ಅದಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಕೆಲಸ. ಆಗಲೇ ಹಳ್ಳಿಯವರು ಮನಸ್ಸಿನ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪಡೆದಿದ್ದಾರೆ. ನಾವೇಕೆ ನಾಚಬೇಕು?

ವಿಮೆಯ ವಿಷಯ: ದೇಹದ ಕಾಯಿಲೆಗೆ ಹೇಗೋ ಹಾಗೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಆದರೆ ಹೆಚ್ಚಿನ ಪಾಲಿಸಿಗಳು ಕೊಡುವುದು ಆಸ್ಪತ್ರೆಗೆ ದಾಖಲಾದರೆ ಮಾತ್ರ. ವಾರದ ಥೆರಪಿಗೆ ಸಿಗುವುದು ಕಡಿಮೆ. ನಿಮ್ಮ ಪಾಲಿಸಿಯ ಕಾಗದ ತೆಗೆದು ನೋಡಿ, ಯಜಮಾನರ ಆಫೀಸಿನಲ್ಲಿ ಕೇಳಿಸಿ. ಬಿಲ್ಲುಗಳನ್ನು ಜೋಪಾನವಾಗಿಡಿ.

ಕಾಲೇಜಿನವರು ಸಹಕರಿಸಿದರು. ಡಾಕ್ಟರರ ಪತ್ರ ಕೊಟ್ಟಾಗ ಪ್ರಿನ್ಸಿಪಾಲರು ಹಾಜರಿ ವಿಷಯದಲ್ಲಿ ನೆರವಾದರು. ಆ ಪತ್ರದಲ್ಲಿ ಕಾಯಿಲೆಯ ಹೆಸರಿರಲಿಲ್ಲ, ‘ವೈದ್ಯಕೀಯ ಕಾರಣದಿಂದ ವಿಶ್ರಾಂತಿ ಬೇಕು’ ಎಂದಷ್ಟೇ ಇತ್ತು. ಹಾಗೆ ಬರೆದುಕೊಡಿ ಎಂದು ನೀವೂ ಕೇಳಬಹುದು. ಕೋಚಿಂಗ್‌ನವರು ಮಾತ್ರ ಫೀಸು ಹಿಂದಿರುಗಿಸಲಿಲ್ಲ. ಅದಕ್ಕಿಂತ ನೋವಾದದ್ದು, ಹಾಜರಿಯಿಲ್ಲದವರ ಹೆಸರನ್ನು ಹೆತ್ತವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು. ಫೋನ್ ಮಾಡಿ ತೆಗೆಸಿದೆವು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಶಾಲೆ, ಕಾಲೇಜು, ಕೋಚಿಂಗ್ ಎಲ್ಲಕ್ಕೂ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬರಾದರೂ ಅರ್ಹ ಕೌನ್ಸೆಲರ್ ಅಥವಾ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕು. ಇನ್ನು ಮುಂದೆ ಪ್ರವೇಶಕ್ಕೆ ಹೋದಾಗ ಫೀಸು, ರಿಸಲ್ಟು ಕೇಳುವ ಜೊತೆಗೆ ನಿಮ್ಮ ಕೌನ್ಸೆಲರ್ ಯಾರು, ಯಾವ ದಿನ ಸಿಗುತ್ತಾರೆ ಎಂದೂ ಕೇಳೋಣ. ಹತ್ತು ತಾಯಂದಿರು ಕೇಳಿದರೆ ಹನ್ನೊಂದನೆಯವಳು ಬರುವ ಹೊತ್ತಿಗೆ ಒಬ್ಬರನ್ನು ನೇಮಿಸಿರುತ್ತಾರೆ.

ತಾಯಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಇಂಥ ಮನೆಯಲ್ಲಿ ಎಲ್ಲರ ಕಣ್ಣು ತಾಯಿಯ ಮೇಲೆ. ಕೆಲಸಕ್ಕೆ ಹೋಗಿದ್ದರಿಂದ ಹೀಗಾಯಿತು, ಹೋಗದಿದ್ದರೆ ಅತಿ ಮುದ್ದಿನಿಂದ ಹೀಗಾಯಿತು. ಆನುವಂಶಿಕತೆ, ಮಿದುಳಿನ ಬೆಳವಣಿಗೆ, ಸುತ್ತಲಿನ ಒತ್ತಡ, ಹಲವು ಕಾರಣ ಸೇರಿ ಬರುವ ಕಾಯಿಲೆ ಇದು. ತಾಯಿಯ ಮೇಲೆ ಹೊರಿಸಿದರೆ ಯಾರಿಗೂ ಗುಣವಾಗುವುದಿಲ್ಲ. ನಮ್ಮಲ್ಲಿ ವಾರದ ಭೇಟಿಗಳನ್ನು ಹಂಚಿಕೊಂಡೆವು, ಒಂದು ವಾರ ನಾನು, ಒಂದು ವಾರ ಯಜಮಾನರು. ತಂದೆ ಬಂದು ಆ ಬೆಂಚಿನ ಮೇಲೆ ಕೂರುವುದು ಗಂಡುಮಕ್ಕಳಿಗೆ ಬಹಳ ದೊಡ್ಡ ಮಾತು. ಮಗಳಿಗೂ ಅವಳ ವಯಸ್ಸಿಗೆ ತಕ್ಕಂತೆ ಹೇಳಿದೆವು: ಅಣ್ಣನಿಗೆ ಹುಷಾರಿಲ್ಲ, ನಿನ್ನ ಮೇಲಿನ ಸಿಟ್ಟಲ್ಲ ಅದು, ಗುಣವಾಗಲು ಸಮಯ ಬೇಕು. ಹೇಳದೇ ಹೋದರೆ ಸಣ್ಣ ಮಕ್ಕಳು ತಮ್ಮಿಂದಲೇ ಏನೋ ಆಯಿತೆಂದು ಅಂದುಕೊಳ್ಳುತ್ತಾರೆ.

ಈಗ ಗುಣವಾಯಿತೇ ಎಂದು ಕೇಳುತ್ತೀರಿ. ಮೂರನೇ ತಿಂಗಳಲ್ಲಿ ನಿದ್ದೆ ಸರಿಯಾಯಿತು. ಆರನೇ ತಿಂಗಳಲ್ಲಿ ತಾನಾಗಿ ಹೋಗಿ ಕೂದಲು ಕತ್ತರಿಸಿಕೊಂಡು ಬಂದ. ಹನ್ನೆರಡನೇ ತರಗತಿಯ ಪರೀಕ್ಷೆಯನ್ನು ಒಂದು ವರ್ಷ ತಡವಾಗಿ ಬರೆದ. ನಡುವೆ ಒಮ್ಮೆ ಮತ್ತೆ ಕುಸಿದ. ಆದರೆ ಆ ಸಲ ಅವನೇ ಬಂದು, “ಅಮ್ಮಾ, ಮತ್ತೆ ಶುರುವಾಗ್ತಿದೆ ಅನ್ಸತ್ತೆ, ಅಪಾಯಿಂಟ್ಮೆಂಟ್ ತಗೋ” ಅಂದ. ನನ್ನ ಮಟ್ಟಿಗೆ ಗುಣ ಅಂದರೆ ಇದೇ. ಈಗ ಎಂಜಿನಿಯರಿಂಗ್ ಬಿಟ್ಟು ತನಗೆ ಬೇಕಾದದ್ದನ್ನು ಓದುತ್ತಿದ್ದಾನೆ. ಔಷಧಿ ನಿಂತು ಕೆಲವು ತಿಂಗಳಾಯಿತು. ಮುಂದೆ ಮತ್ತೆ ಬೇಕಾದರೆ ಮತ್ತೆ ಹೋಗುತ್ತೇವೆ.

ಕೊನೆಯದಾಗಿ ನಮ್ಮ ವೇದಿಕೆಗೆ ಒಂದು ಕೋರಿಕೆ. ಯಾರ ಮನೆಯಲ್ಲಾದರೂ ಹೆರಿಗೆಯಾದರೆ, ಆಪರೇಷನ್ ಆದರೆ ನಾವು ಟಿಫಿನ್ ಕಟ್ಟಿಕೊಂಡು ಹೋಗುತ್ತೇವೆ. ಮನಸ್ಸಿನ ಕಾಯಿಲೆಯ ಮನೆಗೆ ಟಿಫಿನ್ ಹೋಗುವುದಿಲ್ಲ, ಏಕೆಂದರೆ ಯಾರಿಗೂ ಗೊತ್ತಿರುವುದಿಲ್ಲ. ನಮಗೆ ಒಬ್ಬ ಗೆಳತಿ ಸಿಕ್ಕಿದ್ದರು, ಇದೇ ಸಂಘದವರು. “ಮಗನಿಗೆ ಹುಷಾರಿಲ್ಲ, ಮನಸ್ಸಿನ ಕಾಯಿಲೆ, ವಿವರ ಕೇಳಬೇಡಿ” ಅಂದೆ. ಅವರು ಕೇಳಲಿಲ್ಲ. ಮಂಗಳವಾರ ಗುರುವಾರ ಸಂಜೆ ಮಗಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ, ಊಟ ಮಾಡಿಸಿ, ಹೋಂವರ್ಕ್ ಮಾಡಿಸಿ ಬಿಡುತ್ತಿದ್ದರು, ಐದು ತಿಂಗಳು. ಅವರಿಂದಾಗಿ ನಾನು ಕೆಲಸ ಬಿಡದೆ ಉಳಿದೆ.

ಅಂಥ ನಾಲ್ಕೈದು ಮಂದಿ ಮುಂದೆ ಬಂದರೆ ಸಾಕು. ಸಲಹೆ ಕೊಡುವುದು ಬೇಡ, ಅದು ಡಾಕ್ಟರರ ಕೆಲಸ. ಆಸ್ಪತ್ರೆಯ ಸರದಿಯಲ್ಲಿ ಜೊತೆಗೆ ನಿಲ್ಲಲು, ಮರಾಠಿ ಬಾರದ ಹೊಸಬರಿಗೆ ಮಾತು ದಾಟಿಸಲು, ಉಳಿದ ಮಕ್ಕಳನ್ನು ನೋಡಿಕೊಳ್ಳಲು, ಬಾಯಿ ಬಿಗಿಹಿಡಿದುಕೊಂಡಿರಲು ಒಪ್ಪುವವರು ಬೇಕು. ಮೊದಲ ಹೆಸರಾಗಿ ನನ್ನದನ್ನು ಬರೆದುಕೊಳ್ಳಿ ಎಂದು ಕಾರ್ಯದರ್ಶಿಯವರಲ್ಲಿ ಕೇಳಿಕೊಳ್ಳುತ್ತೇನೆ.